ಹೆದ್ದಾರಿಯ ಮೊದಲ ಹತ್ತು ನಿಮಿಷ

ಬಂಕಾಪುರದ ಟೋಲ್ ದಾಟಿ ದಕ್ಷಿಣಕ್ಕೆ ಹೊರಟರೆ ಹಾವೇರಿ, ಮೋಟೆಬೆನ್ನೂರು, ರಾಣೆಬೆನ್ನೂರು, ಚಳಗೇರಿ ಟೋಲ್, ಕುಮಾರಪಟ್ಟಣಂ ಒಂದರ ಹಿಂದೊಂದು ಬರುತ್ತವೆ. ಹಿಂದೆ ನಾಲ್ಕನೇ ನಂಬರಿನದಾಗಿದ್ದು ಈಗ 48 ಆಗಿರುವ ಈ ರಾಷ್ಟ್ರೀಯ ಹೆದ್ದಾರಿಯಲ್ಲಿ ಪುಣೆಯ ಲಾರಿ, ಬೆಂಗಳೂರಿನ ಸ್ಲೀಪರ್ ಬಸ್ಸು ಹಗಲಿರುಳೂ ಓಡುತ್ತವೆ. ಗೋವಿನಜೋಳದ ಹೊಲಕ್ಕೆ ಹೊರಟ ಟ್ರ್ಯಾಕ್ಟರ್, ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಚೀಲ ಹೇರಿಕೊಂಡ ಟಾಟಾ ಏಸ್, ಕೂಲಿ ಹೆಣ್ಣುಮಕ್ಕಳನ್ನು ತುಂಬಿಕೊಂಡ ಟಂಟಂ ಓಡುವುದೂ ಇದೇ ದಾರಿಯಲ್ಲಿ. ಅಪಘಾತವಾದಾಗ 108ರ ಅಂಬುಲೆನ್ಸಿಗಿಂತ, ಪೊಲೀಸರಿಗಿಂತ ಮೊದಲು ಅಲ್ಲಿರುವವರು ಈ ಟ್ರ್ಯಾಕ್ಟರಿನವರು, ಟಂಟಂನವರು, ಧಾಬಾದ ಹುಡುಗರು, ಪಂಕ್ಚರ್ ಅಂಗಡಿಯವರು. ತಮ್ಮ ದಗದ ಬಿಟ್ಟು, ಹೆಸರು ಗೊತ್ತಿಲ್ಲದವರ ರಕ್ತಕ್ಕೆ ಕೈಹಾಕುವ ಇವರ ರೂಢಿಯನ್ನು ಹೊಗಳುವವರು ಬಹಳ ಮಂದಿ. ಅದರಲ್ಲಿ ಏನು ಸರಿಯಿದೆ, ಏನು ಕೊರತೆಯಿದೆ, ಸರ್ಕಾರ ಅದಕ್ಕೆ ಎಷ್ಟು ಬೆನ್ನು ಕೊಟ್ಟಿದೆ ಎಂದು ತೂಗಿ ನೋಡುವವರು ಕಡಿಮೆ.

ತೂಗಿ ನೋಡಲೇಬೇಕಾದ ಕಾರಣಗಳು ಹಾವೇರಿ ಜಿಲ್ಲೆಯಲ್ಲೇ ಇವೆ. 2024ರ ಜೂನ್ 28ರ ನಸುಕಿನಲ್ಲಿ ಬ್ಯಾಡಗಿ ತಾಲೂಕಿನ ಗುಂಡೇನಹಳ್ಳಿ ಕ್ರಾಸ್ ಬಳಿ ನಿಂತಿದ್ದ ಲಾರಿಗೆ ಟೆಂಪೊ ಟ್ರಾವೆಲರ್ ವಾಹನ ಹಿಂದಿನಿಂದ ಗುದ್ದಿತು. ಸವದತ್ತಿ ಯಲ್ಲಮ್ಮನ ದರ್ಶನ ಮುಗಿಸಿ ಭದ್ರಾವತಿ ತಾಲೂಕಿನ ಎಮ್ಮೆಹಟ್ಟಿಗೆ ಮರಳುತ್ತಿದ್ದ 13 ಮಂದಿ ಸತ್ತರು. ಮರುವರ್ಷ ಜನವರಿ 22ರಂದು ಕುಮಟಾ ಸಂತೆಗೆ ಹೊರಟಿದ್ದ ಸವಣೂರಿನ ಹಣ್ಣು-ತರಕಾರಿ ವ್ಯಾಪಾರಿಗಳ ಲಾರಿ ಯಲ್ಲಾಪುರದ ಅರಬೈಲ್ ಘಟ್ಟದಲ್ಲಿ ಉರುಳಿ 10 ಮಂದಿ ಜೀವ ಕಳೆದುಕೊಂಡರು. ಮೊದಲನೆಯದರಲ್ಲಿ ಹೊರಗಿನವರು ಹಾವೇರಿಯ ನೆಲದಲ್ಲಿ ಬಿದ್ದರು. ಎರಡನೆಯದರಲ್ಲಿ ಹಾವೇರಿಯವರು ಪರವೂರಿನ ಘಟ್ಟದಲ್ಲಿ, ಹೊಟ್ಟೆಪಾಡಿನ ದಾರಿಯಲ್ಲಿ ಬಿದ್ದರು. ಇವತ್ತು ಎತ್ತುವವರು ನಾಳೆ ಬಿದ್ದವರಾಗಬಹುದಾದ್ದರಿಂದ, ಅಪರಿಚಿತನಿಗೆ ನೆರವಾಗುವ ಮಾತು ಇಲ್ಲಿ ಎಲ್ಲರ ಮನೆಯ ಮಾತು.

ಜನ ಕಲ್ಲಾಗಿದ್ದಾರೆ ಎಂಬ ತೀರ್ಪು ಸುಲಭವಾಗಿ ಸಿಗುತ್ತದೆ. ಅದಕ್ಕೆ ಆಧಾರವಾಗಿ ಕೊಪ್ಪಳದ ಘಟನೆಯನ್ನು ತೋರಿಸುತ್ತಾರೆ. 2017ರ ಫೆಬ್ರುವರಿ 1ರಂದು ಸೈಕಲ್‌ನಲ್ಲಿ ಹೊರಟಿದ್ದ 18 ವರ್ಷದ ಹುಡುಗ ಸರ್ಕಾರಿ ಬಸ್ಸಿಗೆ ಸಿಲುಕಿ, ನೆತ್ತರು ಸುರಿಸುತ್ತ ನೆರವಿಗೆ ಅಂಗಲಾಚಿದ. ಸುತ್ತ ನೆರೆದವರಲ್ಲಿ ಹಲವರು ಮೊಬೈಲ್ ಹಿಡಿದು ಚಿತ್ರ ತೆಗೆದರು. ಹುಡುಗ ಉಳಿಯಲಿಲ್ಲ. ಆ ದೃಶ್ಯ ರಾಜ್ಯವನ್ನೆಲ್ಲ ತಲೆತಗ್ಗಿಸುವಂತೆ ಮಾಡಿತು, ಮಾಡಬೇಕಾದದ್ದೇ. ಆದರೆ ಆ ಒಂದು ಘಟನೆಯಿಂದ ಇಡೀ ಸೀಮೆಯ ಸ್ವಭಾವವನ್ನು ಅಳೆದರೆ ರೋಗದ ಮೂಲ ತಪ್ಪಿಹೋಗುತ್ತದೆ. ಸೇವ್‌ಲೈಫ್ ಫೌಂಡೇಶನ್ ಎಂಬ ಸಂಸ್ಥೆ 2013ರಲ್ಲಿ ದೇಶದ ಹಲವು ನಗರಗಳಲ್ಲಿ ನಡೆಸಿದ ಅಧ್ಯಯನದಲ್ಲಿ ಶೇ 74ರಷ್ಟು ಮಂದಿ ತಾವು ಗಾಯಾಳುವಿಗೆ ನೆರವಾಗುವುದು ಅನುಮಾನ ಎಂದಿದ್ದರು. ಹಾಗೆಂದವರಲ್ಲಿ ಶೇ 88 ಮಂದಿ ಕೊಟ್ಟ ಕಾರಣ ಪೊಲೀಸರ ಪದೇ ಪದೇ ವಿಚಾರಣೆ, ಕೋರ್ಟಿನ ಅಲೆದಾಟ. ಹಾವೇರಿ ಸೀಮೆಯಲ್ಲಿ ಇದೇ ಭಯಕ್ಕೆ ಇರುವ ಮಾತು: “ಸ್ಟೇಷನ್ ಉಸಾಬರಿ ನಮಗ್ಯಾಕ್ರಿ.” ಈ ಮಾತನ್ನಾಡುವವನ ಎದೆಯಲ್ಲಿ ಮರುಕ ಇರುತ್ತದೆ. ಅದರ ಜೊತೆಗೇ, ಹಿಂದೊಮ್ಮೆ ಪಂಚನಾಮೆಗೆ ಸಹಿ ಹಾಕಿ ವರ್ಷಗಟ್ಟಲೆ ತಾರೀಖಿಗೆ ಅಲೆದ ಯಾವನೋ ನೆಂಟನ ಕಥೆಯೂ ಇರುತ್ತದೆ.

ಈ ಭಯಕ್ಕೆ ಕಾನೂನು ಕೊಟ್ಟ ಉತ್ತರ ನಿಜಕ್ಕೂ ದೊಡ್ಡದು. ಮೊದಲು ಚಿಕಿತ್ಸೆ, ಆಮೇಲೆ ಪೊಲೀಸ್ ಕಾಗದ ಎಂದು ಪರಮಾನಂದ ಕಟಾರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿತ್ತು. ನೆರವಿಗೆ ಬಂದವರ ರಕ್ಷಣೆಗೆಂದು ಕೇಂದ್ರ ಸರ್ಕಾರ ಹೊರಡಿಸಿದ್ದ ಮಾರ್ಗಸೂಚಿಗೆ 2016ರ ಮಾರ್ಚ್ 30ರಂದು ಅದೇ ಕೋರ್ಟ್ ಕಾನೂನಿನ ಬಲ ಕೊಟ್ಟಿತು. ಅದೇ ವರ್ಷ ಕರ್ನಾಟಕ ವಿಧಾನಮಂಡಲ ಇದಕ್ಕಾಗಿಯೇ ಒಂದು ಮಸೂದೆ ಅಂಗೀಕರಿಸಿತು. 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ಬಿದ್ದು, ಇಂಥ ಕಾಯ್ದೆ ಮಾಡಿದ ಮೊದಲ ರಾಜ್ಯ ಕರ್ನಾಟಕವಾಯಿತು. ಮುಂದೆ 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯ್ದೆಗೆ 134ಎ ಕಲಮು ಸೇರಿತು, 2020ರ ಸೆಪ್ಟೆಂಬರ್‌ನಲ್ಲಿ ಅದರ ನಿಯಮಗಳು ಬಂದವು. ಸದುದ್ದೇಶದಿಂದ ನೆರವಾಗುವಾಗ ಕೈತಪ್ಪಿ ಏನಾದರೂ ಆದರೆ ನೆರವಾದವನ ಮೇಲೆ ಕೇಸಿಲ್ಲ. ಹೆಸರು ಹೇಳು ಎಂದು ಒತ್ತಾಯಿಸುವಂತಿಲ್ಲ. ಸಾಕ್ಷಿ ಹೇಳಲು ತಾನಾಗಿ ಒಪ್ಪಿದರೆ ಅವನಿಗೆ ಅನುಕೂಲವಾದ ಜಾಗದಲ್ಲಿ, ಒಂದೇ ಸಲ ಹೇಳಿಕೆ ಪಡೆಯಬೇಕು. ಈ ಹಕ್ಕುಗಳನ್ನು ಬರೆದ ಫಲಕವನ್ನು ಪ್ರತಿ ಆಸ್ಪತ್ರೆಯೂ, ಸರ್ಕಾರಿಯಿರಲಿ ಖಾಸಗಿಯಿರಲಿ, ಕಣ್ಣಿಗೆ ಬೀಳುವ ಜಾಗದಲ್ಲಿ ಹಾಕಬೇಕು, ಸ್ಥಳೀಯ ಭಾಷೆಯಲ್ಲೂ ಇರಬೇಕು.

ಕಾನೂನಿನ ಬರಹಕ್ಕೆ ಪೂರ್ಣ ಅಂಕ ಕೊಡಬಹುದು, ಅದನ್ನು ತಲುಪಿಸಿದ ರೀತಿಗೆ ಕೊಡಲಾಗದು. 2018ರಲ್ಲಿ ಸೇವ್‌ಲೈಫ್ ಫೌಂಡೇಶನ್ ಮತ್ತೆ ಅಧ್ಯಯನ ಮಾಡಿದಾಗ ಶೇ 84ರಷ್ಟು ಜನರಿಗೆ ಇಂಥ ರಕ್ಷಣೆ ಇದೆ ಎಂಬುದೇ ಗೊತ್ತಿರಲಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ಫಲಕ ಹಾಕುವ ನಿಯಮದಲ್ಲೇ ಒಂದು ದೋಷವಿದೆ. ಗಾಯಾಳುವನ್ನು ಎತ್ತಿ ತಂದವನು ಮಾತ್ರ ಅದನ್ನು ಓದುತ್ತಾನೆ. ಎತ್ತಲೋ ಬಿಡಲೋ ಎಂದು ಮೋಟೆಬೆನ್ನೂರಿನ ಡಿವೈಡರ್ ಪಕ್ಕ ನಿಂತವನಿಗೆ ಅದು ಕಾಣುವುದಿಲ್ಲ. ಆ ಮಾತು ಇರಬೇಕಾದದ್ದು ಟೋಲ್‌ನಲ್ಲಿ, ಪೆಟ್ರೋಲ್ ಬಂಕಿನಲ್ಲಿ, ಬಸ್ ನಿಲ್ದಾಣದಲ್ಲಿ, ಎಪಿಎಂಸಿ ಗೇಟಿನಲ್ಲಿ.

ಹೇಳದೆ ಬಿಡಬಾರದ ಇನ್ನೊಂದು ತೊಡಕಿದೆ. ನೆರವಾದವನು ಹೆಸರು ಹೇಳದೆ ಹೋಗಬಹುದು ಎಂಬ ಹಕ್ಕು ಅವನನ್ನು ಕಾಯುತ್ತದೆ. ಆದರೆ ಗುದ್ದಿದ ವಾಹನ ಪರಾರಿಯಾಗಿದ್ದರೆ ಅದರ ಬಣ್ಣ, ನಂಬರು, ಹೋದ ದಿಕ್ಕು ಕಂಡವನು ಅವನೊಬ್ಬನೇ ಇರಬಹುದು. ಅವನ ಮಾತಿಲ್ಲದೆ ಸತ್ತವನ ಹೆಂಡತಿಗೆ ಪರಿಹಾರದ ಕೇಸು ನಿಲ್ಲುವುದು ಕಷ್ಟ. ವಾಹನ ಪತ್ತೆಯಾಗದಿದ್ದರೆ 2022ರ ಯೋಜನೆಯಂತೆ ಸಿಗುವುದು ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ ರೂಪಾಯಿ. ವಾಹನ ಸಿಕ್ಕರೆ ವಿಮೆಯಿಂದ ಬರುವ ಮೊತ್ತ ಇದರ ಹಲವು ಪಟ್ಟು ಆಗಬಹುದು. ಆದ್ದರಿಂದ ಸಾಕ್ಷಿ ಹೇಳುವುದೂ ಗಾಯ ಒತ್ತಿ ಹಿಡಿಯುವಷ್ಟೇ ದೊಡ್ಡ ನೆರವು. ಒಂದೇ ಸಲ, ಅವನ ಊರಿಗೇ ಬಂದು ಹೇಳಿಕೆ ಬರೆದುಕೊಳ್ಳುವ ಶಿಸ್ತನ್ನು ಪೊಲೀಸರು ಕಾಯಂ ಪಾಲಿಸಿದರೆ ಮಾತ್ರ ಜನ ಈ ನೆರವಿಗೂ ಮುಂದೆ ಬರುತ್ತಾರೆ. ನಂಬಿಕೆ ಹುಟ್ಟಿಸುವ ಹೊಣೆ ಇಲ್ಲಿ ಠಾಣೆಯದು.

ಬಹುಮಾನದ ಯೋಜನೆಯನ್ನು ಇನ್ನೂ ಕಟುವಾಗಿ ನೋಡಬೇಕಿದೆ. 2021ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಜೀವ ಉಳಿಸಿದವರಿಗೆ 5 ಸಾವಿರ ರೂಪಾಯಿ ಘೋಷಿಸಿತು. 2025ರಲ್ಲಿ ಅದು ‘ರಾಹ್-ವೀರ್’ ಹೆಸರಿನಲ್ಲಿ 25 ಸಾವಿರಕ್ಕೆ ಏರಿತು. ಉದ್ದೇಶ ಒಳ್ಳೆಯದೇ. ಹಣ ಸಿಗಬೇಕಾದರೆ ತಕ್ಷಣ ನೆರವು ಕೊಟ್ಟು ಮೊದಲ ಒಂದು ಗಂಟೆಯೊಳಗೆ ಆಸ್ಪತ್ರೆಗೆ ಧಾವಿಸಿರಬೇಕು. ಯೋಜನೆಯ ಒತ್ತೆಲ್ಲ ಒಯ್ಯುವುದರ ಮೇಲಿದೆ. ಬೆನ್ನುಮೂಳೆ ಮುರಿದವನನ್ನು ಅಲುಗಾಡಿಸದೆ, ರಕ್ತ ಸೋರುವ ತೊಡೆಯನ್ನು ಎರಡು ಕೈಯಲ್ಲಿ ಒತ್ತಿ ಹಿಡಿದು, 108 ಬರುವ ತನಕ ಕಾದ ಹೆಣ್ಣುಮಗಳು ಈ ಲೆಕ್ಕದಲ್ಲಿ ಹಿಂದೆ ಬೀಳುತ್ತಾಳೆ. ಅದೇ ಗಾಯಾಳುವನ್ನು ಟಾಟಾ ಏಸ್‌ನ ಹಿಂದೆ ಮಡಚಿ ಹಾಕಿಕೊಂಡು ಓಡಿದವನು ಮುಂದೆ ಬರುತ್ತಾನೆ. ನೆರವಿನ ಗುಣವನ್ನು ವೇಗದಿಂದಷ್ಟೇ ಅಳೆದರೆ ಆಗುವ ಅನ್ಯಾಯ ಇದು.

ಈ ಸೀಮೆಯ ರೂಢಿಯ ನಿಜವಾದ ಕೊರತೆ ಇರುವುದೂ ಇಲ್ಲೇ. ಜನ ಓಡಿ ಬರುತ್ತಾರೆ, ನಾಲ್ಕು ಕೈ ಸೇರುತ್ತವೆ, ರಟ್ಟೆ ಮತ್ತು ಕಾಲು ಹಿಡಿದು ಎತ್ತುತ್ತಾರೆ. ನಡು ಜೋಲುತ್ತದೆ, ಕುತ್ತಿಗೆ ಹಿಂದಕ್ಕೆ ಬೀಳುತ್ತದೆ. ಮುರಿದ ಮೂಳೆ ಆ ಒಂದು ಎಳೆತದಲ್ಲಿ ನರಹುರಿಯನ್ನು ಕತ್ತರಿಸಿದರೆ, ಬದುಕಿದವನೂ ಮತ್ತೆ ನಡೆಯಲಾರ. ಇನ್ನೊಬ್ಬರು ಪ್ರೀತಿಯಿಂದಲೇ ಬಾಯಿಗೆ ನೀರು ಬಿಡುತ್ತಾರೆ. ಅರೆಪ್ರಜ್ಞೆಯಲ್ಲಿರುವವನಿಗೆ ಆ ನೀರು ಶ್ವಾಸನಾಳಕ್ಕೆ ಇಳಿದರೆ ಉಸಿರೇ ಕಟ್ಟುತ್ತದೆ. ಹೆಲ್ಮೆಟ್ ಜಗ್ಗಿ ತೆಗೆಯುವುದು, ಎಬ್ಬಿಸಿ ಕೂಡಿಸುವುದು, ಗಾಯಕ್ಕೆ ಅರಿಶಿನ ಮೆತ್ತುವುದು, ಇವೆಲ್ಲ ಮರುಕದಿಂದಲೇ ಆಗುವ ಹಾನಿಗಳು. ಮಾಡಬೇಕಾದದ್ದು ಕಷ್ಟದ್ದೇನಲ್ಲ. ಸ್ವಚ್ಛ ಟವೆಲ್ ಮಡಚಿ ರಕ್ತ ಬರುವಲ್ಲಿ ಬಿಡದೆ ಒತ್ತಬೇಕು. ತಲೆ, ಕುತ್ತಿಗೆ, ಬೆನ್ನು ಒಂದೇ ಸಾಲಿನಲ್ಲಿ ಇರುವಂತೆ ನೋಡಿಕೊಳ್ಳಬೇಕು. ವಾಂತಿ ಬಂದರೆ ಅದೇ ಸಾಲು ಕೆಡದಂತೆ, ಮೂರ್ನಾಲ್ಕು ಜನ ಕೂಡಿ ಒಂದು ಮಗ್ಗುಲಿಗೆ ಹೊರಳಿಸಬೇಕು. ಬೆಂಕಿ ಹತ್ತಿದ್ದರೆ, ಅಥವಾ ಮತ್ತೊಂದು ವಾಹನ ಗುದ್ದುವ ಅಪಾಯವಿದ್ದರೆ ಮಾತ್ರ ಬಿದ್ದ ಜಾಗದಿಂದ ಸರಿಸಬೇಕು.

ಎರಡನೇ ಗುದ್ದಿನ ಅಪಾಯ ಈ ಹೆದ್ದಾರಿಯಲ್ಲಿ ಸಣ್ಣದಲ್ಲ. ಗುಂಡೇನಹಳ್ಳಿ ಕ್ರಾಸಿನ ದುರಂತ ನಡೆದದ್ದೇ ನಿಂತ ಲಾರಿಯಿಂದ. ಕೆಟ್ಟು ನಿಂತ ವಾಹನದ ಹಿಂದೆ ಕಲ್ಲು, ಬೇವಿನ ಟೊಂಗೆ ಇಡುವುದು ಚಾಲಕರ ಹಳೆಯ ಪದ್ಧತಿ. ಹಗಲಿನಲ್ಲಿ ಅದು ಒಂದಿಷ್ಟು ಕೆಲಸ ಮಾಡುತ್ತದೆ. ಕತ್ತಲಲ್ಲಿ ಆ ಕಲ್ಲು ಕಾಣುವುದಿಲ್ಲ, ವಾಹನ ಹೊರಟ ಮೇಲೂ ಅಲ್ಲೇ ಉಳಿದು ಬೈಕಿನವನನ್ನು ಕೆಡವುತ್ತದೆ. ಹೊಳೆಯುವ ತ್ರಿಕೋನ ಫಲಕ, ಮಿನುಗುವ ದೀಪ, ಸಾಕಷ್ಟು ಹಿಂದೆ ನಿಂತು ಮೊಬೈಲ್ ಟಾರ್ಚ್ ಬೀಸುವ ಒಬ್ಬ ಮನುಷ್ಯ: ನೆರೆದ ಗುಂಪಿನಲ್ಲಿ ಒಬ್ಬರಾದರೂ ಈ ಕೆಲಸಕ್ಕೆ ಹೋಗಬೇಕು. ಮತ್ತೊಬ್ಬರು 108ಕ್ಕೋ, ಹೆದ್ದಾರಿ ಪ್ರಾಧಿಕಾರದ 1033ಕ್ಕೋ ಕರೆ ಮಾಡಿ, ಯಾವ ಊರ ಸಮೀಪ, ಯಾವ ಕಡೆಯ ರಸ್ತೆ, ಹುಬ್ಬಳ್ಳಿ ದಿಕ್ಕೋ ದಾವಣಗೆರೆ ದಿಕ್ಕೋ ಎಂದು ಸ್ಪಷ್ಟವಾಗಿ ಹೇಳಬೇಕು. ಡಿವೈಡರ್ ಇರುವ ರಸ್ತೆಯಲ್ಲಿ ದಿಕ್ಕು ತಪ್ಪಿದ ಅಂಬುಲೆನ್ಸ್ ಮುಂದಿನ ತಿರುವಿನ ತನಕ ಹೋಗಿ ಬರಬೇಕಾಗುತ್ತದೆ.

ಕೆಲಸದ ದಿನದ ಲೆಕ್ಕವನ್ನು ಯಾವ ಕಾಯ್ದೆಯೂ ಸರಿಯಾಗಿ ಹಿಡಿದಿಲ್ಲ. ಬ್ಯಾಡಗಿಯಲ್ಲಿ ಸೋಮವಾರ, ಗುರುವಾರ ಮೆಣಸಿನಕಾಯಿ ಟೆಂಡರ್. ತಡವಾಗಿ ಬಂದ ಗಾಡಿಯ ಚೀಲ ಆವತ್ತಿನ ಟೆಂಡರಿಗೆ ಸಿಗದೆ ಉಳಿಯಬಹುದು. ಕಾಯಿಯ ತುಂಬು (ತೊಟ್ಟು) ಬಿಡಿಸುವ ಹೆಣ್ಣುಮಕ್ಕಳಿಗೆ ಕೂಲಿ ಬರುವುದು ಬಿಡಿಸಿದ ಕಾಯಿಯ ತೂಕಕ್ಕೆ. ಹಮಾಲರಿಗೆ ಹೊತ್ತ ಚೀಲಕ್ಕೆ, ಟಂಟಂನವನಿಗೆ ಹೊಡೆದ ಟ್ರಿಪ್ಪಿಗೆ. ಇವರು ಒಂದು ತಾಸು ನಿಂತರೆ ಆ ತಾಸಿನ ದುಡಿಮೆ ಹೋಯಿತು. ಸೀಟಿನ ರಕ್ತ ತೊಳೆಯುವ ಖರ್ಚು, ಮಾಲೀಕನ ಬೈಗುಳ ಬೇರೆ. ಹೀಗಿದ್ದೂ ನಿಲ್ಲುತ್ತಾರೆ ಎಂಬುದು ಈ ರೂಢಿಯ ದೊಡ್ಡತನ, ಅದಕ್ಕೆ ಯಾವ ಪ್ರಶಸ್ತಿಯೂ ಸಾಟಿಯಲ್ಲ. ಕರ್ನಾಟಕದ ಕಾಯ್ದೆ ಠಾಣೆ, ಕೋರ್ಟಿಗೆ ಬಂದುಹೋಗುವ ಖರ್ಚಿಗಾಗಿ ಒಂದು ನಿಧಿಯ ಮಾತಾಡುತ್ತದೆ. ಆದರೆ ರಸ್ತೆಯಲ್ಲಿ ಕಳೆದ ಕೂಲಿಗೆ ಏನೂ ಇಲ್ಲ. ಅರ್ಜಿ, ಸಮಿತಿ, ಜಿಲ್ಲಾಧಿಕಾರಿಗಳ ಸಹಿ ಎಂದು ತಿಂಗಳುಗಟ್ಟಲೆ ಕಾಯಿಸುವ 25 ಸಾವಿರಕ್ಕಿಂತ, ಆಸ್ಪತ್ರೆಯಲ್ಲೇ ಕೈಗೆ ಕೊಡುವ ಒಂದು ದಿನದ ಪಗಾರ ಮತ್ತು ಡೀಸೆಲ್ ಖರ್ಚು ಹೆಚ್ಚು ಜನರನ್ನು ನಿಲ್ಲಿಸೀತು.

ಆಸ್ಪತ್ರೆ ಮುಟ್ಟಿದ ಮೇಲಿನ ಕಥೆ ಕೊಂಚ ಸುಧಾರಿಸಿದೆ. 2016ರ ಫೆಬ್ರುವರಿ 16ರಂದು ನೆಲಮಂಗಲದ ಬಳಿ ಲಾರಿಗೆ ಸಿಲುಕಿ ದೇಹ ಎರಡಾದರೂ ಕಣ್ಣು ದಾನ ಮಾಡಿ ಎಂದು ಕೇಳಿಕೊಂಡ ಹರೀಶ್ ನಂಜಪ್ಪ ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ ಸಾಂತ್ವನ ಯೋಜನೆ ತಂದಿತು. ಅದರಲ್ಲಿ ಮೊದಲ 48 ಗಂಟೆಗೆ 25 ಸಾವಿರ ರೂಪಾಯಿವರೆಗೆ ಉಚಿತ ಚಿಕಿತ್ಸೆ ಇತ್ತು, ಗಾಯಾಳು ಯಾವ ರಾಜ್ಯದವನಾದರೂ ಸರಿ. 2025ರಲ್ಲಿ ಕೇಂದ್ರದ ಯೋಜನೆ 7 ದಿನಕ್ಕೆ ಒಂದೂವರೆ ಲಕ್ಷದವರೆಗೆ ನಗದುರಹಿತ ಚಿಕಿತ್ಸೆಯ ಭರವಸೆ ಕೊಟ್ಟಿತು. ಹಾವೇರಿಗೆ ವೈದ್ಯಕೀಯ ಕಾಲೇಜು ಬಂದಿದೆ. ಆದರೂ ತಲೆಗೆ ಪೆಟ್ಟಾದವರನ್ನು ಸುಮಾರು 75 ಕಿಲೋಮೀಟರ್ ದೂರದ ಹುಬ್ಬಳ್ಳಿಗೋ, ರಾಣೆಬೆನ್ನೂರಿನ ಕಡೆಯವರಾದರೆ ದಾವಣಗೆರೆಗೋ ಕಳಿಸುವ ರೂಢಿ ತಪ್ಪಿಲ್ಲ. ಆಗ ಜೊತೆಗೆ ಹೋಗುವವರು ಯಾರು ಎಂಬ ಪ್ರಶ್ನೆ ಮತ್ತೆ ಆ ಅಪರಿಚಿತನ ಮುಖ ನೋಡುತ್ತದೆ. ಮೊಬೈಲ್‌ನಲ್ಲಿ ಗಾಯಾಳುವಿನ ಮನೆಯವರನ್ನು ಹುಡುಕಿ, “ಗಾಬರಿ ಆಗಬ್ಯಾಡ್ರಿ, ನಾ ಇಲ್ಲೇ ಅದೀನಿ” ಎಂದು ಧೈರ್ಯ ಹೇಳಿ, ಅವರು ಬರುವ ತನಕ ಬಾಗಿಲಲ್ಲಿ ಕೂರುವವರು ಇದ್ದಾರೆ. ಅಂಥವರನ್ನು ಬಿಡುಗಡೆ ಮಾಡಿ ಆ ಹೊಣೆ ಹೊರುವ ಒಬ್ಬ ಸಿಬ್ಬಂದಿ ತುರ್ತು ವಿಭಾಗದಲ್ಲಿ ಇರಲೇಬೇಕು.

ಒಟ್ಟಾರೆ ತೂಗಿದರೆ, ಇಲ್ಲಿನ ಜನರ ಪಾಲಿನ ಕೆಲಸ ಬಹುಮಟ್ಟಿಗೆ ಆಗಿದೆ. ಸರ್ಕಾರ ನೆರವಾಗುವವನನ್ನು ಕಾಯುವ ಕಾನೂನು ಮಾಡಿತು, ಹಣದ ಆಸೆ ತೋರಿಸಿತು, ಕೈಗೆ ಕಲಿಸುವುದನ್ನು ಮಾತ್ರ ಬಿಟ್ಟಿತು. ಅದಕ್ಕೆ ದೊಡ್ಡ ಕಟ್ಟಡ ಬೇಡ. ಮೆಣಸಿನಕಾಯಿಯ ಹಂಗಾಮು ಶುರುವಾಗುವ ಮುಂಚೆ ಬ್ಯಾಡಗಿ ಎಪಿಎಂಸಿ ಪ್ರಾಂಗಣದಲ್ಲಿ ಹಮಾಲರಿಗೆ, ಗಾಡಿ ಚಾಲಕರಿಗೆ ಅರ್ಧ ದಿನದ ತರಬೇತಿ ಕೊಡಬಹುದು, ಆ ಅರ್ಧ ದಿನದ ಕೂಲಿಯನ್ನೂ ಕೊಡಬಹುದು. ರಾಣೆಬೆನ್ನೂರು, ಹಾವೇರಿಯ ಬಸ್ ಡಿಪೋಗಳಲ್ಲಿ ಚಾಲಕ-ನಿರ್ವಾಹಕರಿಗೆ, ಟಂಟಂ ಸ್ಟ್ಯಾಂಡುಗಳಲ್ಲಿ, ಹೆದ್ದಾರಿ ಪಕ್ಕದ ಧಾಬಾಗಳಲ್ಲಿ ಅದನ್ನೇ ವರ್ಷಕ್ಕೊಮ್ಮೆ ಮುಂದುವರಿಸಬಹುದು. ಹಾವೇರಿಯ ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳೇ ಕಲಿಸಲಿ. ಕಲಿತವರ ಗಾಡಿಯಲ್ಲಿ ಒಂದು ತ್ರಿಕೋನ ಫಲಕ, ದಪ್ಪ ಬಟ್ಟೆಯ ಪಟ್ಟಿ, ಒಂದು ಜೊತೆ ಕೈಗವಸು ಇರಲಿ. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ರಸ್ತೆ ಸುರಕ್ಷತಾ ಸಮಿತಿ ತನ್ನ ಮುಂದಿನ ಸಭೆಯಲ್ಲಿ ಅಪಘಾತದ ಸ್ಥಳಗಳ ಪಟ್ಟಿಯ ಪಕ್ಕದಲ್ಲೇ, ಆ ಸ್ಥಳದ ಸುತ್ತಮುತ್ತ ತರಬೇತಿ ಪಡೆದವರು ಎಷ್ಟು ಮಂದಿ ಎಂಬ ಲೆಕ್ಕವನ್ನೂ ಕೇಳಬೇಕು.