ಬೇಸಿಗೆ ರಜೆಗೆ: ಕೇಳುವುದು, ನೋಡುವುದು, ಓದುವುದು

ಬೇಸಿಗೆ ರಜೆ ಬಂದಿತೆಂದರೆ ನಮ್ಮ ಬಹುಪಾಲು ಮನೆಗಳಲ್ಲಿ ಒಂದೇ ಪ್ರಶ್ನೆ ಏಳುತ್ತದೆ: ಮಕ್ಕಳಿಗೆ ಯಾವ ಕನ್ನಡ ಪುಸ್ತಕ ಕೊಡೋಣ, ಏನು ತೋರಿಸೋಣ, ಏನು ಕೇಳಿಸೋಣ? ಉತ್ತರವಾಗಿ ದೊಡ್ಡ ಹೆಸರುಗಳ ಪಟ್ಟಿಯೊಂದನ್ನು ಅಚ್ಚುಹಾಕುವುದು ಸುಲಭ. ಜ್ಞಾನಪೀಠ ಪಡೆದ ಎಂಟು ಮಂದಿ ಕನ್ನಡ ಲೇಖಕರ ಒಂದೊಂದು ಕೃತಿಯನ್ನು ಹೆಸರಿಸಿ ಕೈತೊಳೆದುಕೊಳ್ಳಬಹುದು. ಅಂಥ ಪಟ್ಟಿ ಧಾರವಾಡದ ಮನೆಗೋ ಮೈಸೂರಿನ ಮನೆಗೋ ಒಪ್ಪೀತು. ಪಟಾನ್‌ಚೆರುವಿನ ಮನೆಗೆ ಒಗ್ಗುವುದಿಲ್ಲವೆಂಬುದು ನಮ್ಮ ಅಭಿಪ್ರಾಯ.

ಕಾರಣ ದೂರವೇನಿಲ್ಲ. 1972ರಲ್ಲಿ ಇಲ್ಲಿ ಇಕ್ರಿಸ್ಯಾಟ್ ಸ್ಥಾಪನೆಯಾಯಿತು. ಪಕ್ಕದ ರಾಮಚಂದ್ರಾಪುರದಲ್ಲಿ ಬಿ.ಎಚ್.ಇ.ಎಲ್. ಇದೆ, ಸುತ್ತಲೂ ಕಾರ್ಖಾನೆಗಳು ಬೆಳೆದವು. ಹೊಟ್ಟೆಪಾಡಿಗೆಂದು ಬಂದು ನೆಲೆಸಿದವರಲ್ಲಿ ಬೀದರ, ಕಲಬುರಗಿ, ರಾಯಚೂರಿನವರಿದ್ದಾರೆ; ಧಾರವಾಡ, ಮೈಸೂರು, ಮಂಗಳೂರಿನ ಕಡೆಯವರೂ ಇದ್ದಾರೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು ಮತ್ತು ದಖನಿ, ಶಾಲೆಯಲ್ಲಿ ಇಂಗ್ಲಿಷು. ಹೀಗಾಗಿ ನಮ್ಮ ಮಕ್ಕಳದು ಕಿವಿಯ ಕನ್ನಡ. ಕಣ್ಣಿಗೆ ಅದರ ಪರಿಚಯವಿಲ್ಲ. ಅಜ್ಜಿಯ ಬೈಗುಳ ಅವರಿಗೆ ಪೂರಾ ತಿಳಿಯುತ್ತದೆ. ಅದೇ ಮಾತನ್ನು ಕಾಗದದ ಮೇಲೆ ಬರೆದುಕೊಟ್ಟರೆ ತಬ್ಬಿಬ್ಬಾಗುತ್ತಾರೆ. ಇಂಥ ಮಗುವಿನ ಕೈಗೆ ಒಮ್ಮೆಗೇ ನಾನೂರು ಪುಟದ ಕಾದಂಬರಿ ಕೊಟ್ಟರೆ ಕನ್ನಡವೆಂದರೆ ರಜೆಯಲ್ಲಿಯೂ ಬಿಡದ ಮನೆಪಾಠವೆಂಬ ಭಾವನೆ ಹುಟ್ಟುತ್ತದೆ. ಆ ಭಾವನೆ ಒಮ್ಮೆ ಹುಟ್ಟಿದರೆ ಅಳಿಸುವುದು ಕಷ್ಟ.

ಆದುದರಿಂದ ಮೊದಲು ಕೇಳಿಸಿ, ಆಮೇಲೆ ತೋರಿಸಿ, ಕೊನೆಗೆ ಓದಿಸಿ ಎಂಬುದು ನಮ್ಮ ಸಲಹೆ. ಕೃತಿಯನ್ನು ಆರಿಸುವಾಗ ನಾವು ಹಿಡಿದ ಒರೆಗಲ್ಲು ಒಂದೇ: ಗಟ್ಟಿಯಾಗಿ ಹಾಡಿದಾಗ, ಓದಿದಾಗ ಅದರಲ್ಲಿ ಒಂದು ಊರಿನ, ಒಂದು ಜನದ ಮಾತು ಕೇಳಿಸಬೇಕು.

ಕೇಳುವುದು

ಶಿಶುನಾಳ ಶರೀಫರ ಪದಗಳಿಂದ ಆರಂಭಿಸಿರಿ. ಸಿ. ಅಶ್ವತ್ಥ್ ಅವರ ಕಂಠದಲ್ಲಿ ಇವು ಮನೆಮಾತಾಗಿವೆ; 1990ರಲ್ಲಿ ನಾಗಾಭರಣ ತೆಗೆದ ‘ಸಂತ ಶಿಶುನಾಳ ಶರೀಫ’ ಚಿತ್ರದಿಂದ ಮತ್ತಷ್ಟು ಹರಡಿದವು. ಕೋಳಿಯೊಂದು ಮಂಗನನ್ನು ನುಂಗುವ ಆ ಒಗಟಿನ ಪದವನ್ನು ಕೇಳಿ ನಗದ ಮಗುವಿಲ್ಲ. ಅರ್ಥ ಹೇಳಹೋಗಬೇಡಿ, ನುಂಗುವ ತಮಾಷೆ ಸಾಕು. ಹತ್ತು ವರ್ಷ ಕಳೆದ ಮೇಲೆ ಅದರ ತತ್ವ ತಾನಾಗಿ ಬಿಚ್ಚಿಕೊಳ್ಳುತ್ತದೆ. ಮುಸಲ್ಮಾನ ಮನೆಯಲ್ಲಿ ಹುಟ್ಟಿ ಗೋವಿಂದಭಟ್ಟರ ಶಿಷ್ಯನಾದ ಈ ಕವಿಯ ಕತೆ ಹೈದರಾಬಾದಿನ ನೆರೆಹೊರೆಯಲ್ಲಿ ಬೆಳೆಯುವ ಮಗುವಿಗೆ ವಿವರಣೆಯಿಲ್ಲದೆ ತಿಳಿಯುವಂಥದು. ಆದರೆ ಒಂದು ಮಾತು. ಅಶ್ವತ್ಥರ ಹಾಡಿಕೆಯಲ್ಲಿ ಶಬ್ದ ಸ್ಪಷ್ಟ, ಹುಮ್ಮಸ್ಸು ಅಪಾರ. ಕೆಲವೆಡೆ ತಾಳದ ಅಬ್ಬರಕ್ಕೆ ಪದದ ಒಳಗುಟ್ಟು ಮಂಕಾಗುತ್ತದೆ. ಊರಿಗೆ ಹೋದಾಗ ಭಜನೆಯವರು ಏಕತಾರಿ ಹಿಡಿದು ತತ್ವಪದ ಹಾಡುವುದನ್ನೂ ಮಕ್ಕಳಿಗೆ ಕೇಳಿಸಿದರೆ ಈ ಕೊರತೆ ತುಂಬುತ್ತದೆ.

ಎರಡನೆಯದು ‘ನಿತ್ಯೋತ್ಸವ’. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ಈ ಧ್ವನಿಸುರುಳಿ 1978ರಲ್ಲಿ ಹೊರಬಂದಿತು. ಕನ್ನಡದ ಭಾವಗೀತೆ ಕ್ಯಾಸೆಟ್ಟಿನ ಮೂಲಕ ಮನೆಮನೆಗೆ ಹೋದದ್ದು ಇದರಿಂದಲೇ ಎನ್ನಬಹುದು. ದೊಡ್ಡವರಿಗೆ ಇದು ತವರಿನ ನೆನಪು. ಆದರೆ ಜೋಗವನ್ನೂ ಶರಾವತಿಯನ್ನೂ ಕಾಣದ ಮಗುವಿಗೆ ಅದೇ ಆರ್ದ್ರತೆ ಬರಲಾರದು. ನಮ್ಮ ಕಣ್ಣೀರನ್ನು ಮಕ್ಕಳ ಮೇಲೆ ಹೇರಬಾರದು. ಅದಕ್ಕಾಗಿಯೇ ಇದನ್ನು ಎರಡನೆಯ ಸ್ಥಾನದಲ್ಲಿಟ್ಟೆವು.

ಸಂಜೆಯ ಹೊತ್ತು ಮಲ್ಲಿಕಾರ್ಜುನ ಮನಸೂರರ ವಚನಗಾಯನ ಮನೆಯಲ್ಲಿ ತಾನಾಗಿ ಕೇಳಿಬರುತ್ತಿರಲಿ. ಯಾರನ್ನೂ ಕೂಡಿಸಿ ಕೇಳಿಸುವುದು ಬೇಡ. ನಮ್ಮೂರಿನ ನಡುವೆ ಹಾಯುವ ಮುಂಬಯಿ ಹೆದ್ದಾರಿ ಜಹೀರಾಬಾದ್, ಹುಮನಾಬಾದ್ ದಾಟಿ ಬಸವಕಲ್ಯಾಣದ ಕಡೆಗೇ ಹೋಗುತ್ತದೆ. ವಚನಕಾರರ ಕಲ್ಯಾಣ ಬೆಂಗಳೂರಿಗಿಂತ ನಮಗೇ ಸಮೀಪವೆಂಬುದನ್ನು ಮಕ್ಕಳಿಗೆ ಒಮ್ಮೆ ಹೇಳಿರಿ. ದೊಡ್ಡವರು ಮನಸೂರರ ಆತ್ಮಕತೆ ‘ನನ್ನ ರಸಯಾತ್ರೆ’ಯನ್ನೂ ಓದಬಹುದು. ನಾಟಕ ಕಂಪನಿಯ ಹುಡುಗನೊಬ್ಬ ನೀಲಕಂಠಬುವಾ ಅವರಲ್ಲಿ, ಬಳಿಕ ಮಂಜಿಖಾನ್, ಬುರ್ಜಿಖಾನ್ ಅವರಲ್ಲಿ ಕಲಿತು ಬೆಳೆದ ವೃತ್ತಾಂತವನ್ನು ಅಲ್ಲಿ ಜಂಭವಿಲ್ಲದೆ ಹೇಳಲಾಗಿದೆ.

ನೋಡುವುದು

ದಿನನಿತ್ಯದ ಧಾರಾವಾಹಿಗಳನ್ನು ಕನ್ನಡ ಉಳಿಯಲೆಂದು ಮನೆಯಲ್ಲಿ ಹಾಕಿಡುವವರಿದ್ದಾರೆ. ಅವರ ಉದ್ದೇಶ ಒಳ್ಳೆಯದು, ಫಲ ಕಡಿಮೆ. ಒಂದು ಮಾತು, ಆಮೇಲೆ ನಾಲ್ಕು ಮುಖಗಳ ಮೇಲೆ ನಾಲ್ಕು ಸಲ ಬಡಿಯುವ ಸಂಗೀತ. ಆಡುವ ಮಾತೂ ಯಾವ ಊರಿನದೆಂದು ಹೇಳಬರುವುದಿಲ್ಲ. ಅರ್ಧ ಗಂಟೆಯಲ್ಲಿ ಮಗುವಿನ ಕಿವಿಗೆ ಬೀಳುವ ಹೊಸ ಶಬ್ದ ಬೆರಳೆಣಿಕೆಯಷ್ಟು.

ಅದಕ್ಕಿಂತ ‘ಮಾಲ್ಗುಡಿ ಡೇಸ್’ ಮೇಲು. ಆರ್.ಕೆ. ನಾರಾಯಣ್ ಅವರ ಕತೆಗಳನ್ನು ಶಂಕರನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದರು. 1986-87ರಲ್ಲಿ ದೂರದರ್ಶನದಲ್ಲಿ ಬಂದಿತು. ಕತೆ ಬರೆದದ್ದು ಇಂಗ್ಲಿಷಿನಲ್ಲಿ, ಧಾರಾವಾಹಿ ತೆಗೆದದ್ದು ಹಿಂದಿ-ಇಂಗ್ಲಿಷಿನಲ್ಲಿ. ಇದನ್ನು ಕನ್ನಡದ ಲೆಕ್ಕಕ್ಕೆ ಹೇಗೆ ಹಿಡಿಯುವಿರಿ ಎಂದು ಕೆಲವರು ಕೇಳಬಹುದು. ಆ ಜಗಲಿ, ಆ ಮಳೆ, ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅಪ್ಪನಾಗಿ ಗಿರೀಶ ಕಾರ್ನಾಡ್ – ನೋಡುವಾಗ ನಮ್ಮ ಬಾಯಲ್ಲಿ ತಾನಾಗಿ ಕನ್ನಡ ಬರುತ್ತದೆ. ತಂದೆತಾಯಿ ಪಕ್ಕದಲ್ಲಿ ಕುಳಿತು ತಮ್ಮ ಶಾಲೆಯ ಕತೆ ಸೇರಿಸುತ್ತ ಹೋದರೆ ಅರ್ಧ ಗಂಟೆಯ ಕಂತು ಒಂದು ಗಂಟೆಯಾಗುತ್ತದೆ. ಆ ಹೆಚ್ಚಿನ ಅರ್ಧ ಗಂಟೆಯೇ ನಮಗೆ ಬೇಕಾದದ್ದು.

ಈ ರಜೆಯಲ್ಲಿ ತಪ್ಪದೆ ನೋಡಿ ಚರ್ಚಿಸಬೇಕಾದ ಚಿತ್ರವೆಂದರೆ ರಿಷಬ್ ಶೆಟ್ಟಿಯವರ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಕಾಸರಗೋಡು, ಕೊಡುಗೆ: ರಾಮಣ್ಣ ರೈ’ (2018). ಮಕ್ಕಳ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿಯೂ ಇದಕ್ಕೆ ಸಂದಿದೆ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೇರಳಕ್ಕೆ ಸೇರಿದ ಕಾಸರಗೋಡಿನ ಕನ್ನಡ ಶಾಲೆಯೊಂದು ಮುಚ್ಚುವ ಸ್ಥಿತಿಗೆ ಬಂದಾಗ ಮಕ್ಕಳು ಹೋರಾಡುವ ಕತೆ. ಮೊದಲರ್ಧ ಬಲು ಸೊಗಸು: ಮಕ್ಕಳ ತುಂಟತನ, ಮೇಷ್ಟರ ಪೇಚಾಟ, ಆ ಕರಾವಳಿಯ ಮಾತಿನ ರಾಗ ಎಲ್ಲವೂ ಹದವಾಗಿವೆ. ಉತ್ತರಾರ್ಧದಲ್ಲಿ ಅನಂತನಾಗ್ ಬಂದ ಮೇಲೆ ನಗೆಯಿದೆ, ಚಪ್ಪಾಳೆಯಿದೆ. ಆದರೆ ನ್ಯಾಯಾಲಯದ ದೃಶ್ಯ ಭಾಷಣವಾಗುತ್ತದೆ. ಅದಕ್ಕಿಂತ ಮುಖ್ಯವಾದ ಆಕ್ಷೇಪ ಇನ್ನೊಂದಿದೆ. ಶಾಲೆ ಮುಚ್ಚಿಸಲು ಹೊರಟ ಮಲಯಾಳಿ ಅಧಿಕಾರಿಯನ್ನು ಬರಿಯ ಖಳನನ್ನಾಗಿ ಮಾಡಲಾಗಿದೆ. ಚಿತ್ರಮಂದಿರದಲ್ಲಿ ಇದಕ್ಕೆ ಶಿಳ್ಳೆ ಬೀಳುತ್ತದೆ. ನಮ್ಮಂಥವರ ಮನೆಯಲ್ಲಿ ಇದು ಯೋಚಿಸತಕ್ಕ ವಿಷಯ. ನಾವು ತೆಲುಗರ ನಡುವೆ ಬದುಕಿದವರು. ನಮ್ಮ ಮಕ್ಕಳ ಗೆಳೆಯರು ತೆಲುಗಿನವರು. ಕನ್ನಡದ ಮೇಲಿನ ಪ್ರೀತಿಗೆ ಪಕ್ಕದ ಭಾಷೆಯ ಮೇಲಿನ ಸಿಟ್ಟು ಇಂಧನವಾಗಬೇಕಿಲ್ಲ. ಚಿತ್ರ ಮುಗಿದ ಮೇಲೆ ಮಕ್ಕಳೊಡನೆ ಈ ಮಾತನ್ನು ಆಡಲೇಬೇಕು.

ದೊಡ್ಡವರಿಗೆ ಒಂದು ಚಿತ್ರ: ಕಾಸರವಳ್ಳಿಯವರ ‘ತಬರನ ಕಥೆ’ (1986). ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುವ ತಬರನಾಗಿ ಚಾರುಹಾಸನ್ ಅಭಿನಯಿಸಿದ್ದಾರೆ. ನಿವೃತ್ತಿಯ ಅಂಚಿನಲ್ಲಿರುವ ನಮ್ಮ ನೌಕರ ಮಿತ್ರರು ಇದನ್ನು ಸುಮ್ಮನೆ ನೋಡಿ ಎದ್ದುಹೋಗಲಾರರು.

ಓದುವುದು

ಈಗ ಕಷ್ಟದ ಭಾಗ. ಆದರೆ ಇದರಲ್ಲಿ ನಮಗೊಂದು ಅನುಕೂಲವಿದೆ. ಅದನ್ನು ನಾವು ಉಪಯೋಗಿಸಿಕೊಂಡಿಲ್ಲ. ತೆಲಂಗಾಣದಲ್ಲಿ 2018ರ ಕಾಯಿದೆಯಿಂದ ಶಾಲೆಗಳಲ್ಲಿ ತೆಲುಗು ಕಲಿಕೆ ಕಡ್ಡಾಯ. ತೆಲುಗು ಲಿಪಿ ಬಂದ ಮಗುವಿಗೆ ಕನ್ನಡ ಲಿಪಿಯ ಬಹುಪಾಲು ಬಂದೇ ಇದೆ, ಏಕೆಂದರೆ ಎರಡೂ ಒಂದೇ ಮೂಲದಿಂದ ಕವಲೊಡೆದವು. ಗ, ದ, ಪ, ಬ, ಮ, ಯ, ರ, ಲ, ವ, ಸ – ತಲಕಟ್ಟಿನ ವ್ಯತ್ಯಾಸ ಬಿಟ್ಟರೆ ಇವನ್ನು ಮಗು ಗುರುತಿಸುತ್ತದೆ. ಕ, ತ, ಶ, ಹ ಮೊದಲಾದ ಕೆಲವನ್ನೂ ದೀರ್ಘದ ಗುರುತನ್ನೂ ಹೊಸದಾಗಿ ಹೇಳಿಕೊಟ್ಟರಾಯಿತು. ಬೆಂಗಳೂರಿನಿಂದ ದಿಲ್ಲಿಗೆ ಹೋದ ಕನ್ನಡಿಗನಿಗೆ ಈ ಸೌಕರ್ಯವಿಲ್ಲ.

ಚಿಕ್ಕ ಮಕ್ಕಳಿಗೆ ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’. ಬ್ರೌನಿಂಗನ ಇಂಗ್ಲಿಷ್ ಕವಿತೆಯಿಂದ ಹುಟ್ಟಿದರೂ ಇಲಿಗಳು ಅಚ್ಚ ಕನ್ನಡದವು. ದೊಡ್ಡವರು ಗಟ್ಟಿಯಾಗಿ ಓದಲಿ. ಮಗು ಪುಟದ ಮೇಲೆ ಬೆರಳಿಟ್ಟು ಹಿಂಬಾಲಿಸಲಿ.

ಎಂಟನೆಯ ತರಗತಿ ಮುಟ್ಟಿದ ಮಕ್ಕಳಿಗೂ ಅವರ ತಂದೆತಾಯಿಗಳಿಗೂ ಒಂದೇ ಪುಸ್ತಕ ಹೇಳಿರೆಂದರೆ ನಾವು ತೇಜಸ್ವಿಯವರ ‘ಕರ್ವಾಲೊ’ (1980) ಎನ್ನುತ್ತೇವೆ. ವಾಕ್ಯಗಳು ಚಿಕ್ಕವು, ಹಾಸ್ಯ ತಂತಾನೆ ಬರುವಂಥದು, ನಾಯಿ ಕಿವಿಯೂ ಒಂದು ಪಾತ್ರ. ಅದಲ್ಲದೆ ಪಟಾನ್‌ಚೆರುವಿಗೆ ಈ ಕಾದಂಬರಿ ವಿಶೇಷವಾಗಿ ಸಲ್ಲುತ್ತದೆ. ಕರ್ವಾಲೊ ಮೂಡಿಗೆರೆಯ ಕೃಷಿ ಸಂಶೋಧನಾ ಕೇಂದ್ರದ ವಿಜ್ಞಾನಿ. ನಮ್ಮೂರಲ್ಲಿ ಜೋಳ, ಸಜ್ಜೆ, ತೊಗರಿ, ಕಡಲೆ, ಶೇಂಗಾ ಬೆಳೆಗಳ ಮೇಲೆ ಸಂಶೋಧನೆ ನಡೆಸುವವರ ಮಕ್ಕಳಿಗೆ ಇಂಥ ಮನುಷ್ಯ ಅಪರಿಚಿತನಲ್ಲ. ಈ ವಿಜ್ಞಾನಿ ಮಂದಣ್ಣನೆಂಬ ಜೇನು ಹಿಡಿಯುವ ಹಳ್ಳಿಯ ಹುಡುಗನನ್ನು ಬೆನ್ನುಹತ್ತುತ್ತಾನೆ. ಊರಿನವರ ಕಣ್ಣಿಗೆ ಅಬ್ಬೇಪಾರಿಯಾದ ಮಂದಣ್ಣನ ಕಣ್ಣು ಕಾಡಿನಲ್ಲಿ ಕಾಣುವುದನ್ನು ಪದವೀಧರರ ಕಣ್ಣು ಕಾಣದು. ಎಂಗ್ಟ, ಕರಿಯಪ್ಪ, ಪ್ರಭಾಕರ ಎಲ್ಲರೂ ಕೂಡಿ ಹಾರುವ ಓತಿಯನ್ನು ಅರಸಿ ಹೋಗುತ್ತಾರೆ. ಆ ಹುಡುಕಾಟದ ಕೊನೆಯನ್ನು ಇಲ್ಲಿ ಹೇಳಿದರೆ ಓದುಗರಿಗೆ ಅನ್ಯಾಯ. ಇಂಗ್ಲಿಷಿನಲ್ಲಿ ಬರೆಯದಿದ್ದುದು ಜ್ಞಾನವೇ ಅಲ್ಲವೆಂಬ ಭ್ರಮೆ ನಮ್ಮ ಮಕ್ಕಳಿಗೆ ಶಾಲೆಯಲ್ಲಿ ಹತ್ತುತ್ತದೆ. ಅದನ್ನು ಉಪದೇಶವಿಲ್ಲದೆ ಇಳಿಸುವ ಶಕ್ತಿ ಈ ಪುಸ್ತಕಕ್ಕಿದೆ.

ದೊಡ್ಡವರಿಗೆ ಇಬ್ಬರು ಲೇಖಕಿಯರು. 2004ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಗೀತಾ ನಾಗಭೂಷಣರ ‘ಬದುಕು’ ಕಲಬುರಗಿಯ ಕೆಳವರ್ಗದ ಜನರ ಬಾಳಿನ ದೊಡ್ಡ ಕಾದಂಬರಿ. ಅಲ್ಲಲ್ಲಿ ಲಂಬಿಸುತ್ತದೆ ನಿಜ; ಆದರೆ ಆ ಸೀಮೆಯ ಮಾತಿನ ಬಿಸಿ ಮತ್ತೆಲ್ಲಿಯೂ ಸಿಗದು. ಮೈಸೂರಿನ ಕಡೆಯವರು ಮೊದಲ ಪುಟಗಳಲ್ಲಿ ತಡವರಿಸಿದರೆ ನೆರೆಯ ಕಲಬುರಗಿಯವರನ್ನು ಕರೆದು ಓದಿಸಿ ಕೇಳಬಹುದು. ಕನ್ನಡ ಕನ್ನಡಗಳ ನಡುವಿನ ಪರಿಚಯಕ್ಕೂ ಇದು ದಾರಿ. ಇನ್ನೊಬ್ಬರು ಬಾನು ಮುಷ್ತಾಕ್. ದೀಪಾ ಭಾಸ್ತಿಯವರು ಇಂಗ್ಲಿಷಿಗೆ ತಂದ ಅವರ ಹನ್ನೆರಡು ಕತೆಗಳಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಿತು. ನಮ್ಮವರಲ್ಲಿ ಹಲವರು ಇಂಗ್ಲಿಷ್ ಪುಸ್ತಕವನ್ನೇ ಕೊಂಡರು. ಅನುವಾದ ಅಗತ್ಯ, ಮೆಚ್ಚತಕ್ಕದ್ದು; ಆದರೆ ಕನ್ನಡ ಓದಬಲ್ಲವರು ಮೂಲವನ್ನು ಬಿಟ್ಟು ಅದನ್ನು ಹಿಡಿಯುವುದೇಕೆ? ಅವರ ಕನ್ನಡದೊಳಗೆ ಸುಳಿಯುವ ಉರ್ದು ಶಬ್ದಗಳಿಗೆ ಬೇರೆಡೆ ಅರ್ಥಕೋಶ ಬೇಕಾದೀತು. ಈ ಬೀದಿಗಳಲ್ಲಿ ಬದುಕಿದ ನಮಗೆ ಬೇಡ.

ಇಷ್ಟನ್ನೂ ಒಂದೇ ರಜೆಯಲ್ಲಿ ಮುಗಿಸಬೇಕೆಂದು ಯಾರೂ ಅವಸರಪಡಬೇಕಾಗಿಲ್ಲ. ವಾರಕ್ಕೊಂದು ಹಾಡು, ಹದಿನೈದು ದಿನಕ್ಕೊಂದು ಚಿತ್ರ, ರಾತ್ರಿ ಊಟವಾದ ಮೇಲೆ ಅರ್ಧ ಗಂಟೆ ಗಟ್ಟಿಯಾದ ಓದು – ಇಷ್ಟು ಸಾಕು. ಅಕ್ಕಪಕ್ಕದ ತೆಲುಗು ಮಕ್ಕಳು ಬಂದು ಕುಳಿತರೆ ಅವರಿಗೂ ಜಾಗ ಕೊಡಿ. ಜೂನಿನಲ್ಲಿ ಶಾಲೆ ತೆರೆಯುವ ಹೊತ್ತಿಗೆ ಮಗು ‘ಕರ್ವಾಲೊ’ದ ಮೊದಲ ಹತ್ತು ಪುಟಗಳನ್ನು ತಾನೇ ಓದಿದ್ದರೆ ರಜೆ ಸಾರ್ಥಕವಾಯಿತೆಂದು ತಿಳಿಯೋಣ. ಮಿಕ್ಕ ಪುಟಗಳನ್ನು ಅಪ್ಪನೋ ಅವ್ವನೋ ಓದಿ ಹೇಳಲಿ.