ವೈರಾಣುವಿನ ‘ಕವಚ’: ಒಂದು ಶಬ್ದವಿಮರ್ಶೆ

ವೈರಾಣುವಿನ ಬೀಜದ್ರವ್ಯವನ್ನು ಆವರಿಸಿರುವ ಪ್ರೋಟೀನಿನ ಹೊದಿಕೆಗೆ ನಮ್ಮ ವಿಜ್ಞಾನಲೇಖಕರು ‘ಕವಚ’ವೆಂಬ ಶಬ್ದವನ್ನು ಪ್ರಯೋಗಿಸುತ್ತಿರುವರು. ಶಬ್ದವು ಶ್ರುತಿಮಧುರವೇನೋ ಹೌದು. ಅರ್ಥವನ್ನು ವಿಚಾರಿಸಿದಲ್ಲಿ ಸಮೀಚೀನವೆಂದು ತೋರದು.

ಯಳಂದೂರಿನ ಕಡೆಯವರಿಗೆ ಅಗಸೆಯ ಮರವು ಅಪರಿಚಿತವಲ್ಲ. ಆ ಮರಕ್ಕೆ ರೋಗವನ್ನು ತರುವ ಒಂದು ವೈರಾಣುವಿನ ರಚನೆಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂ. ಆರ್. ಎನ್. ಮೂರ್ತಿ, ಎಚ್. ಎಸ್. ಸಾವಿತ್ರಿ ಮೊದಲಾದ ವಿದ್ವಾಂಸರು 1995ರಲ್ಲಿ ಪ್ರಕಟಿಸಿದರು. ಒಂದೇ ಪ್ರೋಟೀನಿನ 180 ಪ್ರತಿಗಳು ಇಪ್ಪತ್ತು ಮುಖಗಳ ಆಕೃತಿಯಲ್ಲಿ ಕೂಡಿ ಒಳಗಣ ಆರ್‌ಎನ್‌ಎ ತಂತುವನ್ನು ಕಾಯುವುವು. ಪ್ರೋಟೀನಿನ ತುದಿಯಲ್ಲಿರುವ ಧನವಿದ್ಯುದಂಶದ ತೋಳು ಋಣವಿದ್ಯುದಂಶದ ತಂತುವನ್ನು ಹಿಡಿಯುವುದು; ಕ್ಯಾಲ್ಸಿಯಂ ಕಣಗಳು ಸಂಧಿಗಳನ್ನು ಬಿಗಿಯುವುವು.

ಕವಚವಾದರೋ ಮೊದಲೇ ಸಿದ್ಧವಾಗಿದ್ದು ತರುವಾಯ ತೊಡಲ್ಪಡುವುದು. ಇಲ್ಲಿ ಒಳಗಣ ತಂತುವೇ ಹೊದಿಕೆಯ ಜೋಡಣೆಗೆ ನೆರವಾಗುವುದು. ಕರ್ಣನ ಸಹಜಕವಚವನ್ನು ಉದಾಹರಿಸುವವರುಂಟು. ಅದನ್ನಾದರೂ ಕೊಯ್ದೇ ತೆಗೆಯಬೇಕಾಯಿತು. ವೈರಾಣುವಿನ ಹೊದಿಕೆಯು ಜೀವಕೋಶವನ್ನು ಹೊಕ್ಕಮೇಲೆ ಸಡಿಲದಿದ್ದರೆ ಅದಕ್ಕೆ ವಂಶವೇ ಇಲ್ಲ. ಮುಚ್ಚುವುದೂ ತೆರೆಯುವುದೂ ಧರ್ಮವಾಗಿರುವ ‘ಸಂಪುಟ’ವೇ ಇಲ್ಲಿಗೆ ಯುಕ್ತವಾದ ಶಬ್ದವು. ಅದು ಗ್ರಂಥಭಾಗಕ್ಕೂ ಸಲ್ಲುವುದಲ್ಲಾ ಎಂಬ ಆಕ್ಷೇಪವು ನಿಲ್ಲದು. ‘ಸೈಂಧವ’ವೆಂದಾಗ ಉಪ್ಪೋ ಕುದುರೆಯೋ ಎಂಬುದನ್ನು ಪ್ರಕರಣವೇ ನಿರ್ಣಯಿಸುವುದಷ್ಟೆ.

ಇದು ಬರಿಯ ಶಬ್ದಕಲಹವಲ್ಲ. 2012ರಲ್ಲಿ ನಮ್ಮ ಜಿಲ್ಲೆಯ ಬಂಡೀಪುರದ ಕಾಡಿನಲ್ಲಿ ಕಾಣಿಸಿಕೊಂಡ ಮಂಗನ ಕಾಯಿಲೆಯ ವೈರಾಣುವಿಗೆ ಪ್ರೋಟೀನಿನ ಸಂಪುಟದ ಹೊರಗೆ ಕೊಬ್ಬಿನ ಪೊರೆಯೊಂದು ಬೇರೆ ಉಂಟು. ಕೆಲವರು ಅದನ್ನೂ ‘ಕವಚ’ವೆಂದೇ ಬರೆಯುವರು. ಸಾಬೂನಿಗೆ ಕೆಡುವುದು ಈ ಪೊರೆ. ಅಗಸೆಯ ವೈರಾಣುವಿಗೆ ಇಂತಹ ಪೊರೆಯೇ ಇಲ್ಲ. ಎರಡಕ್ಕೂ ಒಂದೇ ಹೆಸರಾದರೆ, ಯಾವುದು ಸಾಬೂನಿಗೆ ಅಂಜುವುದು, ಯಾವುದು ಅಂಜದು ಎಂಬುದನ್ನು ವಿದ್ಯಾರ್ಥಿಯು ಹೇಗೆ ತಿಳಿಯಬೇಕು?