ಕನ್ನಡಿ ಇಲ್ಲದ ಕ್ಯಾಮರಾ ಯಾರನ್ನು ನೋಡಬೇಕು?

ದಸರೆ, ದೀಪಾವಳಿ ಹತ್ತಿರ ಬಂತೆಂದರೆ ಮಗರಪಟ್ಟಾದ ನಮ್ಮ ಕನ್ನಡ ಮನೆಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಏಳುತ್ತದೆ: “ಈ ಸಲ ಒಂದು ಒಳ್ಳೆಯ ಕ್ಯಾಮರಾ ತಗೋಬೇಕು. ಯಾವುದು ತಗೊಳ್ಳೋಣ?” ಮಕ್ಕಳ ಹುಟ್ಟುಹಬ್ಬ, ರಾಜ್ಯೋತ್ಸವದ ನಾಟಕ, ಊರಿನಿಂದ ಬಂದ ಹಿರಿಯರು ಎಲ್ಲಕ್ಕೂ ಒಂದೇ ಯಂತ್ರ ಆಗಬೇಕು. ಫೋಟೋ ತೆಗೆಯಬೇಕು, ವಿಡಿಯೋ ಮಾಡಬೇಕು, ಹೆಗಲ ಚೀಲದಲ್ಲಿ ಹಿಡಿಸಬೇಕು. ಹೀಗೆ ಕೇಳಿದವರಿಗೆ ಅಂಗಡಿಯಲ್ಲಿ ಸಿಗುವ ಉತ್ತರವೂ ಒಂದೇ: ‘ಮಿರರ್‌ಲೆಸ್’, ಅಂದರೆ ಕನ್ನಡಿ ಇಲ್ಲದ ಕ್ಯಾಮರಾ.

ಹೆಸರು ಕೇಳಿ ಬೆಚ್ಚಬೇಕಾಗಿಲ್ಲ. ಹಳೆಯ ಎಸ್.ಎಲ್.ಆರ್. ಕ್ಯಾಮರಾದಲ್ಲಿ ಲೆನ್ಸಿನ ಹಿಂದೆ ಓರೆಯಾಗಿ ಒಂದು ಕನ್ನಡಿ ಇರುತ್ತಿತ್ತು. ನೋಟವನ್ನು ಅದು ಮೇಲಿನ ಕಿಂಡಿಗೆ ಕಳಿಸುತ್ತಿತ್ತು, ಗುಂಡಿ ಒತ್ತಿದಾಗ ‘ಟಪ್’ ಎಂದು ಮೇಲೇಳುತ್ತಿತ್ತು. ೨೦೦೮ರಲ್ಲಿ ಪ್ಯಾನಸಾನಿಕ್ ಕಂಪನಿಯವರು ಜಿ-೧ ಎಂಬ ಮಾದರಿಯಲ್ಲಿ ಆ ಕನ್ನಡಿಯನ್ನೇ ತೆಗೆದುಹಾಕಿ, ಸಂವೇದಕದ ಮೇಲೆ ಬಿದ್ದ ಚಿತ್ರವನ್ನು ನೇರವಾಗಿ ಪರದೆಯಲ್ಲಿ ತೋರಿಸಿದರು. ಲೆನ್ಸು ಬದಲಿಸುವ ಅನುಕೂಲ ಉಳಿಯಿತು, ಗಾತ್ರ ಇಳಿಯಿತು. ಇಂದು ಸೋನಿ, ಕ್ಯಾನನ್, ನಿಕಾನ್, ಫ್ಯೂಜಿ ಎಲ್ಲರ ಹೊಸ ಕ್ಯಾಮರಾಗಳೂ ಇದೇ ಜಾತಿಯವು.

ನಮ್ಮ ತಕರಾರು ಯಂತ್ರದ ಮೇಲಲ್ಲ. ಅದನ್ನು ಮಾರುವವರೂ ಕೊಳ್ಳುವ ನಾವೂ ಅದನ್ನು ಅಳೆಯುವ ಅಳತೆಗೋಲಿನ ಮೇಲೆ. ಜಾಹೀರಾತನ್ನು ನೋಡಿರಿ. ಒಬ್ಬ ತರುಣ ಕ್ಯಾಮರಾವನ್ನು ತನ್ನ ಕಡೆಗೇ ತಿರುಗಿಸಿ ಹಿಡಿದಿರುತ್ತಾನೆ. ಪರದೆಯೂ ಅವನ ಕಡೆಗೇ ಮಡಚಿಕೊಂಡಿರುತ್ತದೆ. ೨೦೨೧ರಲ್ಲಿ ಬಂದ ಸೋನಿ ಜಡ್‌ವಿ-ಇ೧೦ರಲ್ಲಂತೂ ಕೈಯಲ್ಲಿ ಹಿಡಿದ ಡಬ್ಬಿಯನ್ನು ಮುಂದೆ ಚಾಚಿದರೆ ಮುಖ ಬಿಟ್ಟು ಡಬ್ಬಿಯ ಮೇಲೆ ಫೋಕಸ್ ಹೋಗುವಂತೆ ಒಂದು ಏರ್ಪಾಡೇ ಇದೆ. ತನ್ನನ್ನು ತಾನೇ ಚಿತ್ರಿಸಿ ಲೋಕಕ್ಕೆ ಹಂಚುವವನಿಗೆ ಇದು ಬಹಳ ಉಪಯುಕ್ತ, ಅದು ತಪ್ಪೂ ಅಲ್ಲ. ಆದರೆ ಸಂಸಾರಸ್ಥರಾದ ನಮ್ಮ ಮನೆಯಲ್ಲಿ ಕ್ಯಾಮರಾ ನೋಡಬೇಕಾದದ್ದು ಹಿಡಿದವನನ್ನಲ್ಲ, ಎದುರಿಗೆ ಕುಳಿತವರನ್ನು. ಈ ಒಂದು ಮಾತನ್ನು ಮರೆತು ಕೊಂಡರೆ ಏನಾಗುತ್ತದೆ ಎಂಬುದನ್ನು ನಮ್ಮ ಅನುಭವದಿಂದಲೇ ಹೇಳುತ್ತೇವೆ.

ಕೆಲವು ವರ್ಷಗಳ ಹಿಂದೆ ನಾವು ಮೆಗಾಪಿಕ್ಸೆಲ್ ಎಣಿಸಿ ಒಂದು ಕ್ಯಾಮರಾ ತಂದೆವು. ಕಂಪನಿಯ ಹೆಸರು ಬೇಡ, ತಪ್ಪಿನ ಬಹುಪಾಲು ನಮ್ಮದೇ. ಆ ಚಳಿಗಾಲ ರೋಣದ ಕಡೆಯ ಹಳ್ಳಿಯಿಂದ ಅವ್ವ ಬಂದಿದ್ದಳು. ಮಗರಪಟ್ಟಾದ ಕಟ್ಟಡಗಳನ್ನು ಬಾಲ್ಕನಿಯಿಂದ ನೋಡುತ್ತ, “ಇಲ್ಲಿ ಮೊದಲ ಏನ ಬೆಳೀತಿದ್ರು?” ಎಂದು ಕೇಳಿದಳು. ಕಬ್ಬು, ಕಾಯಿಪಲ್ಲೆ ಎಂದೆವು. ಮಗರ ಮನೆತನದ ಸುಮಾರು ೧೨೦ ರೈತ ಕುಟುಂಬಗಳು ಹೊಲ ಮಾರಿಕೊಂಡು ಹೋಗದೆ, ಸುಮಾರು ೪೦೦ ಎಕರೆಯನ್ನು ಒಟ್ಟುಗೂಡಿಸಿ ತಾವೇ ಪಾಲುದಾರರಾಗಿ ೨೦೦೦ದ ಸುಮಾರಿನಲ್ಲಿ ಈ ಊರು ಕಟ್ಟತೊಡಗಿದ ಕಥೆಯನ್ನೂ ಹೇಳಿದೆವು. ಅಷ್ಟಕ್ಕೇ ಅವ್ವನಿಗೆ ತನ್ನ ಹೊಲ ನೆನಪಾಯಿತು. ಕೂರಿಗೆ, ಕುಂಟೆ, ರಂಟೆ, ಎರೆಹೊಲದ ಜೋಳ, ಆ ಜೋಳ ಇಡುವ ಹಗೇವು ಎಂದು ಮಾತು ಹರಿಯಿತು. ನಾವು ಓಡಿಹೋಗಿ ಹೊಸ ಕ್ಯಾಮರಾ ತಂದು ಹಿಡಿದೆವು.

ಆಮೇಲೆ ನೋಡಿದಾಗ ಸಿಕ್ಕಿದ್ದೇನು? ಹಾಲಿನ ಎಲ್.ಇ.ಡಿ. ದೀಪದಲ್ಲಿ ಚಿತ್ರದ ಮೇಲೆ ಕಪ್ಪು ಪಟ್ಟಿಗಳು ಹರಿದಾಡುತ್ತಿದ್ದವು. ಅವ್ವನ ಮುಖದ ತುಂಬ ರವೆ ಚೆಲ್ಲಿದಂಥ ಕಾಳು. ದನಿಗಿಂತ ಫ್ಯಾನಿನ ಸದ್ದೇ ಜೋರು. ಇದೆಲ್ಲದರ ಮೇಲೆ, ಅರ್ಧ ಗಂಟೆ ತುಂಬುವ ಹೊತ್ತಿಗೆ ಕ್ಯಾಮರಾ ತಾನಾಗಿ ನಿಂತುಬಿಟ್ಟಿತ್ತು. ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಚಿತ್ರಿಸುವ ಯಂತ್ರವನ್ನು ಯೂರೋಪಿನ ಸುಂಕದವರು ವಿಡಿಯೋ ಕ್ಯಾಮರಾ ಎಂದು ಎಣಿಸಿ ಹೆಚ್ಚಿನ ಸುಂಕ ಹಾಕುತ್ತಿದ್ದರು. ಅದನ್ನು ತಪ್ಪಿಸಲು ತಯಾರಕರು ಎಷ್ಟೋ ಕ್ಯಾಮರಾಗಳನ್ನು ೨೯ ನಿಮಿಷ ೫೯ ಸೆಕೆಂಡಿಗೆ ನಿಲ್ಲುವಂತೆ ಮಾಡಿದ್ದರು. ಎಲ್ಲಿಯ ಯೂರೋಪಿನ ಸುಂಕದಕಟ್ಟೆ, ಎಲ್ಲಿಯ ರೋಣದ ಹಗೇವು! ಮುಂದಿನ ವರ್ಷ ಅವ್ವ ತೀರಿಕೊಂಡಳು.

ಈ ಪೆಟ್ಟು ತಿಂದ ಮೇಲೆ ನಾವು ಕ್ಯಾಮರಾ ನೋಡುವ ಕ್ರಮವೇ ಬದಲಾಯಿತು. ಆ ಕ್ರಮವನ್ನು ವಾಚಕರ ಮುಂದಿಡುತ್ತೇವೆ.

ಮೊದಲನೆಯದು ಬೆಳಕು. ಮೆಗಾಪಿಕ್ಸೆಲ್ ಲೆಕ್ಕ ಇಂದು ಹೆಚ್ಚುಕಡಿಮೆ ಮುಗಿದ ಕಥೆ. ಎ-೪ ಹಾಳೆಯಷ್ಟು ದೊಡ್ಡ ಅಚ್ಚಿಗೆ ೯ ಮೆಗಾಪಿಕ್ಸೆಲ್ ಸಾಕು. ೪ಕೆ ವಿಡಿಯೋದ ಒಂದೊಂದು ಚೌಕಟ್ಟಿನಲ್ಲಿ ಇರುವುದೂ ಸುಮಾರು ೮.೩ ಮಾತ್ರ. ನಿಕಾನ್ ಜಡ್-೩೦ರ ೨೦.೯ಕ್ಕೂ ಕ್ಯಾನನ್ ಆರ್-೫೦ರ ೨೪.೨ಕ್ಕೂ ನಮ್ಮ ಗೋಡೆಯ ಮೇಲಿನ ಫೋಟೋದಲ್ಲಿ ವ್ಯತ್ಯಾಸ ಕಾಣದು. ವ್ಯತ್ಯಾಸ ಕಾಣುವುದು ಲೆನ್ಸಿನಲ್ಲಿ. ಡಬ್ಬಿಯಲ್ಲಿ ಜೊತೆಗೆ ಬರುವ ಪುಟ್ಟ ಜೂಮ್ ಲೆನ್ಸು ಹೊರಗಿನ ಬಿಸಿಲಿಗೆ ಸರಿ, ಸಂಜೆಯ ದೇವರ ಮನೆಗೆ ಸಾಲದು. ಎಫ್ ೫.೬ರ ಕಂಡಿಗಿಂತ ಎಫ್ ೧.೪ರ ಕಂಡಿ ೧೬ ಪಟ್ಟು ಬೆಳಕನ್ನು ಒಳಗೆ ಬಿಡುತ್ತದೆ. ಹದಿನಾರು ಪಟ್ಟು! ಈ ಲಾಭವನ್ನು ಯಾವ ಹೊಸ ಮಾದರಿಯೂ ಕೊಡಲಾರದು. ಆದ್ದರಿಂದ ಕ್ಯಾಮರಾದಲ್ಲಿ ಒಂದು ಮೆಟ್ಟಿಲು ಇಳಿದು ಲೆನ್ಸಿನಲ್ಲಿ ಒಂದು ಮೆಟ್ಟಿಲು ಏರುವುದು ಜಾಣತನ. ಸಿಗ್ಮಾದವರ ೩೦ ಮಿ.ಮೀ. ಎಫ್ ೧.೪ರಂಥದು ಒಂದಿದ್ದರೆ ಸಾಕು. ಲೆನ್ಸು ಹತ್ತು ಹದಿನೈದು ವರ್ಷ ಬಾಳುತ್ತದೆ, ಕ್ಯಾಮರಾ ಬೇಗ ಹಳತಾಗುತ್ತದೆ. ಸೋನಿಯ ಇ-ಮೌಂಟು ೨೦೧೦ರಿಂದಲೇ ಇರುವುದರಿಂದ ಬೇರೆ ಕಂಪನಿಗಳ ಅಗ್ಗದ ಲೆನ್ಸುಗಳು ಅದಕ್ಕೆ ಹೇರಳ. ಕ್ಯಾನನ್ ತನ್ನ ಈ ಸಣ್ಣ ಕ್ಯಾಮರಾಗಳ ಬಾಗಿಲನ್ನು ಸಿಗ್ಮಾಕ್ಕೆ ತೆರೆದದ್ದು ೨೦೨೪ರಲ್ಲಿ.

ದೀಪದ ಪಟ್ಟಿಗಳಿಗೆ ಮದ್ದು ಪುಕ್ಕಟೆ. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ ೫೦ ಆವರ್ತನದ್ದು, ಎಷ್ಟೋ ದೀಪಗಳು ಅದರ ಎರಡರಷ್ಟು ಸಲ ಮಿನುಗುತ್ತವೆ. ವಿಡಿಯೋವನ್ನು ಸೆಕೆಂಡಿಗೆ ೨೫ ಚೌಕಟ್ಟಿಗೂ ಶಟರನ್ನು ಐವತ್ತರಲ್ಲಿ ಒಂದಂಶಕ್ಕೂ ಇಟ್ಟರೆ ಸಾಮಾನ್ಯವಾಗಿ ಪಟ್ಟಿಗಳು ಮಾಯ. ಇದನ್ನು ನಮಗೆ ಅಂಗಡಿಯಲ್ಲಿ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಎರಡನೆಯದು ದನಿ. ನಮ್ಮ ದೃಷ್ಟಿಯಲ್ಲಿ ಇದೇ ಮೊದಲನೆಯದಾಗಬೇಕಿತ್ತು. ಚಿತ್ರ ಮಸುಕಾದರೂ ಅವ್ವ ಅವ್ವನೇ, ಮಾತು ಹೋದರೆ ಉಳಿಯುವುದು ಬರಿಯ ಬಾಯಾಡಿಸುವಿಕೆ. ಕ್ಯಾಮರಾದ ಒಳಗಿನ ಮೈಕು ಎಂಟು ಅಡಿ ದೂರದಲ್ಲಿ ಕೂತು ಫ್ಯಾನು, ಮಿಕ್ಸರು, ಲಿಫ್ಟಿನ ಬಾಗಿಲು ಎಲ್ಲವನ್ನೂ ಸಮಭಾವದಿಂದ ಕೇಳುತ್ತದೆ. ದೂರ ಅರ್ಧವಾದರೆ ದನಿಯ ತೀವ್ರತೆ ನಾಲ್ಕು ಪಟ್ಟು. ಸೆರಗಿಗೆ ಸಿಕ್ಕಿಸುವ ಒಂದು ಸಣ್ಣ ವೈರಿನ ಮೈಕು ಮಾಡುವ ಉಪಕಾರವನ್ನು ದುಬಾರಿ ಕ್ಯಾಮರಾ ಮಾಡಲಾರದು. ಮೈಕಿನ ತೂತು ನಾವು ಹೆಸರಿಸಿದ ಮೂರೂ ಮಾದರಿಗಳಲ್ಲಿದೆ. ಆದರೆ ದನಿ ಸರಿಯಾಗಿ ಬರುತ್ತಿದೆಯೇ ಎಂದು ಆಗಲೇ ಕೇಳಿ ನೋಡುವ ಹೆಡ್‌ಫೋನಿನ ತೂತು ಸೋನಿಯಲ್ಲಿದೆ, ನಿಕಾನ್ ಜಡ್-೩೦ ಮತ್ತು ಕ್ಯಾನನ್ ಆರ್-೫೦ರಲ್ಲಿ ಇಲ್ಲ. ಜಾಹೀರಾತಿನ ದೊಡ್ಡ ಅಕ್ಷರದಲ್ಲಿ ಈ ಸಂಗತಿ ಕಾಣಿಸುವುದಿಲ್ಲ.

ಮೂರನೆಯದು ಹೊತ್ತು. ಹಿರಿಯರು ಗಡಿಯಾರ ನೋಡಿ ಮಾತಾಡುವುದಿಲ್ಲ. ನಿಕಾನ್ ಜಡ್-೩೦ ಒಂದೇ ಬೀಸಿಗೆ ೧೨೫ ನಿಮಿಷದವರೆಗೆ, ಕ್ಯಾನನ್ ಆರ್-೫೦ ಒಂದು ಗಂಟೆಯವರೆಗೆ ಚಿತ್ರಿಸಬಲ್ಲವು. ಸೋನಿಗೆ ಇಂಥ ಮಿತಿಯಿಲ್ಲ, ಆದರೆ ಬೇಸಿಗೆಯಲ್ಲಿ ೪ಕೆ ಚಿತ್ರಿಸುವಾಗ ಮೈ ಬಿಸಿಯಾಗಿ ನಿಲ್ಲಬಹುದು. ಹೆಚ್ಚಿನ ಬ್ಯಾಟರಿ ಒಂದು ಇರಲೇಬೇಕು.

ನಾಲ್ಕನೆಯದು ನಡುಕ. ಓಡುವ ಮಕ್ಕಳ ಹಿಂದೆ ಓಡಿ ಚಿತ್ರಿಸುವುದಾದರೆ ಈ ಮೂರೂ ತುಸು ಕೈಕೊಡುತ್ತವೆ. ಇವುಗಳ ಒಡಲಲ್ಲಿ ನಡುಕ ತಡೆಯುವ ಯಂತ್ರವಿಲ್ಲ. ಸೋನಿ ಜಡ್‌ವಿ-ಇ೧೦ರಲ್ಲಿ ಕ್ಯಾಮರಾ ಸರಕ್ಕನೆ ತಿರುಗಿಸಿದರೆ ನೆಟ್ಟಗಿನ ಕಂಬವೂ ವಾಲುತ್ತದೆ. ೨೦೨೩ರ ಫ್ಯೂಜಿ ಎಕ್ಸ್-ಎಸ್೨೦ ಮತ್ತು ಸೋನಿ ಎ-೬೭೦೦ರಲ್ಲಿ ಆ ಯಂತ್ರವಿದೆ, ಬೆಲೆಯೂ ಅದಕ್ಕೆ ತಕ್ಕ ಹಾಗೆ ಮೇಲೆ. ಕೂತು ಮಾತಾಡುವವರನ್ನು ಚಿತ್ರಿಸಲು ಒಂದು ಸಾದಾ ಮುಕ್ಕಾಲಿ ಸ್ಟ್ಯಾಂಡು ಸಾಕು.

ಹಾಗಾದರೆ ನಮ್ಮ ತೀರ್ಪೇನು? ಬಿಸಿಲಲ್ಲಿ ಫೋಟೋ ತೆಗೆಯುವುದೇ ಹೆಚ್ಚು ಎನ್ನುವವರಿಗೆ ಕ್ಯಾನನ್ ಆರ್-೫೦. ಅದಕ್ಕೆ ಕಣ್ಣಿಟ್ಟು ನೋಡುವ ಕಿಂಡಿ ಉಂಟು, ಉಳಿದೆರಡಕ್ಕೆ ಇಲ್ಲ. ಮಾತು ದಾಖಲಿಸಬೇಕು ಎನ್ನುವವರಿಗೆ ಜಡ್‌ವಿ-ಇ೧೦, ಅದೂ ಸುಸ್ಥಿತಿಯ ಸೆಕೆಂಡ್‌ಹ್ಯಾಂಡ್ ಸಿಕ್ಕರೆ ಉತ್ತಮ. ಉಳಿದ ದುಡ್ಡು ಲೆನ್ಸು, ಮೈಕು, ಸ್ಟ್ಯಾಂಡಿಗೆ. ಇನ್ನು, ಹಗಲಿನ ಫೋಟೋ ಮಾತ್ರ ಸಾಕು ಎನ್ನುವವರು ಕೈಯಲ್ಲಿರುವ ಫೋನಿಗೇ ಒಂದು ಮೈಕು ಕೊಂಡರೆ ಸಾಕು. ಕ್ಯಾಮರಾ ಕೊಳ್ಳದಿರುವುದೂ ಒಂದು ಆಯ್ಕೆಯೇ.

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಮೇಲೆ ನಾವು ಹಾಸ್ಯ ಮಾಡಿದ ಆ ಮಡಚುವ ಪರದೆಯನ್ನೇ ಸರಿಯಾಗಿ ಬಳಸಿದರೆ ದೊಡ್ಡ ಗುಣವಾಗುತ್ತದೆ. ಅಂದು ಕ್ಯಾಮರಾವನ್ನು ಮುಖಕ್ಕೆ ಅಡ್ಡ ಹಿಡಿದಾಗ ಅವ್ವ ಮಾತು ನಿಲ್ಲಿಸಿ ಹೇಳಿದ್ದಳು: “ನಿನ್ನ ಮಾರೀನ ಕಾಣವಲ್ದು. ಯಾರ ಜೋಡಿ ಮಾತಾಡ್ಲೋ ನಾ?” ಪರದೆಯನ್ನು ಮೇಲ್ಮುಖವಾಗಿ ತಿರುಗಿಸಿ ಕ್ಯಾಮರಾವನ್ನು ಎದೆಯ ಮಟ್ಟದಲ್ಲಿ ಸ್ಟ್ಯಾಂಡಿನ ಮೇಲೆ ಇಟ್ಟರೆ ನಮ್ಮ ಮುಖ ಅವರಿಗೆ, ಅವರ ಮುಖ ನಮಗೆ ಕಾಣುತ್ತದೆ. ಕನ್ನಡಿ ಹೋದದ್ದರಿಂದ ಮನೆಯವರಿಗೆ ಆದ ನಿಜವಾದ ಲಾಭ ಇದೇ ಎಂದು ನಮಗೆ ತೋರುತ್ತದೆ. ಮೈಸೂರಿನ ಟಿ. ಎಸ್. ಸತ್ಯನ್ ಅವರು ದಶಕಗಳ ಕಾಲ ಸಾಮಾನ್ಯ ಜನರ ಮುಖಗಳನ್ನು ಚಿತ್ರಿಸಿದರು, ೧೯೭೭ರಲ್ಲಿ ಪದ್ಮಶ್ರೀ ಪಡೆದರು. ತಮ್ಮ ಕನ್ನಡ ಪುಸ್ತಕಕ್ಕೆ ಅವರಿಟ್ಟ ಹೆಸರು ‘ಕಾಲಕ್ಕೆ ಕನ್ನಡಿ’. ಯಂತ್ರದೊಳಗೆ ಕನ್ನಡಿ ಇರಲಿ ಬಿಡಲಿ, ಹಿಡಿದವರು ಎದುರಿಗಿದ್ದವರ ಕಡೆ ತಿರುಗಿರಬೇಕು.

ಕಡೆಯದಾಗಿ, ಉಳಿಸುವ ಮಾತು. ಸೆಕೆಂಡಿಗೆ ೧೦೦ ಮೆಗಾಬಿಟ್ ದರದ ೪ಕೆ ವಿಡಿಯೋ ಗಂಟೆಗೆ ೪೫ ಗಿಗಾಬೈಟ್ ನುಂಗುತ್ತದೆ. ಜಾಗ ಸಾಲದೆಂದು ಮುಂದಿನ ಹಬ್ಬಕ್ಕೆ ಹಿಂದಿನದನ್ನು ಅಳಿಸುವ ಮನೆಗಳನ್ನು ನಾವು ಬಲ್ಲೆವು. ಮಾತಿಗೆ ೪ಕೆ ಬೇಕಿಲ್ಲ, ಫುಲ್ ಎಚ್.ಡಿ. ಸಾಕು. ಆದರೆ ಎರಡು ಪ್ರತಿ ಬೇಕು, ಒಂದು ಇಲ್ಲಿ, ಒಂದು ಊರಲ್ಲಿ. ಇದಕ್ಕೆ ದೃಷ್ಟಾಂತ ನಮ್ಮ ಪುಣೆಯಲ್ಲೇ ಇದೆ. ಇಲ್ಲಿನ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿತ ಗಿರೀಶ ಕಾಸರವಳ್ಳಿಯವರು ೧೯೭೭ರಲ್ಲಿ ‘ಘಟಶ್ರಾದ್ಧ’ ತೆಗೆದರು. ಅದರ ಮೂಲ ನೆಗೆಟಿವ್ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿ ಉಳಿದಿತ್ತು. ಅದರಿಂದಲೇ ಚಿತ್ರ ೪ಕೆ ರೂಪದಲ್ಲಿ ಪುನರುಜ್ಜೀವಗೊಂಡು ೨೦೨೪ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆ ಕಂಡಿತು. ಯಾರೋ ಜೋಪಾನ ಮಾಡಿದ್ದರು, ಅದಕ್ಕೇ ಉಳಿಯಿತು. ನಮ್ಮ ಮನೆಯ ಮಾತುಗಳಿಗೆ ಸಂಗ್ರಹಾಲಯವಿಲ್ಲ, ನಾವೇ ಸಂಗ್ರಹಾಲಯ.

ಅವ್ವನ ಆ ಅರ್ಧ ಗಂಟೆ ಈಗಲೂ ನಮ್ಮಲ್ಲಿದೆ. ಹಗೇವಿನ ಬಾಯಿ ತೆಗೆದ ಕೂಡಲೇ ಒಳಗೆ ಇಳಿಯಬಾರದು, ಕೆಟ್ಟ ಗಾಳಿ ಹೋಗುವ ತನಕ ಕಾಯಬೇಕು, ಕಂದೀಲು ಇಳಿಬಿಟ್ಟು ಆರದಿದ್ದರೆ ಇಳಿಯಬೇಕು ಎಂದು ಫ್ಯಾನಿನ ಸದ್ದಿನ ನಡುವೆ ಕಿವಿಗೊಟ್ಟರೆ ಕೇಳುತ್ತದೆ. “ಆಮ್ಯಾಲೆ ಅದರ ಬಾಯಿ ಮುಚ್ಚೂದು ಹ್ಯಾಂಗಂದ್ರ...” ಎನ್ನುವಲ್ಲಿಗೆ ನಿಲ್ಲುತ್ತದೆ. ಹೇಗೆ ಮುಚ್ಚುತ್ತಿದ್ದರೆಂದು ನಮ್ಮ ಮನೆಯಲ್ಲಿ ಈಗ ಯಾರಿಗೂ ಗೊತ್ತಿಲ್ಲ.

ಹಬ್ಬದ ರಿಯಾಯಿತಿ ಬರುವವರೆಗೆ ಕಾಯಬೇಡಿರಿ. ಮನೆಯಲ್ಲಿ ಹಿರಿಯರಿದ್ದರೆ ಈ ಭಾನುವಾರವೇ ಫ್ಯಾನು ನಿಲ್ಲಿಸಿ, ಇರುವ ಯಂತ್ರವನ್ನೇ ಹತ್ತಿರ ಇಟ್ಟು, ಎದುರಿಗೆ ಕುಳಿತುಕೊಳ್ಳಿರಿ.